ಒಡ್ಡು ಹಾಕುವುದಕ್ಕೆ ದುಡ್ಡಿದೆ, ಒಡೆದದ್ದನ್ನು ಕಟ್ಟುವುದಕ್ಕೆ ಇಲ್ಲ

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಲೆಕ್ಕಕ್ಕೆ ಹಿಡಿಯುವುದು 105.79 ಟಿಎಂಸಿ. ಉಳಿದ ಜಾಗವನ್ನೆಲ್ಲ ಹೂಳು ತಿಂದಿದೆ. ಕೆಆರ್‌ಎಸ್‌ ಪೂರ್ತಿ ತುಂಬಿದರೆ 49 ಟಿಎಂಸಿ. ಅಂದರೆ ಅರ್ಧ ಕೆಆರ್‌ಎಸ್‌ಗಿಂತ ಜಾಸ್ತಿ ನೀರು ನಿಲ್ಲುವ ಜಾಗ ಮಣ್ಣುಪಾಲಾಗಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ವಾರಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ. ಹೂಳಿನ ಸುದ್ದಿ ಯಾರಿಗೆ ಬೇಕು? ಅದು ಒಂದೇ ರಾತ್ರಿಯಲ್ಲಿ ಆಗುವುದಲ್ಲವಲ್ಲ.

ಆ ಹೂಳಿನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೊಲಗಳ ಪಾಲೂ ಇದೆ. ವರದೆ, ಕುಮುದ್ವತಿ ಎರಡೂ ಹೋಗಿ ಸೇರುವುದು ತುಂಗಭದ್ರೆಗೇ. ಮೇ ಕೊನೆಗೆ ರೋಹಿಣಿ ಮಳೆ ಹೊಡೆದ ಮರುದಿನ ಯಾವುದಾದರೂ ಹಳ್ಳದ ಸೇತುವೆ ಮೇಲೆ ನಿಂತು ನೋಡಿ. ಹರಿಯುತ್ತಿರುವುದು ನೀರೋ ರಾಡಿಯೋ ಗೊತ್ತಾಗುವುದಿಲ್ಲ.

ದೇಶದ ಮಟ್ಟದಲ್ಲಿ ಒಂದು ಹಳೇ ಅಂದಾಜಿದೆ, 1983ರದ್ದು. ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್ನಿಗೂ ಜಾಸ್ತಿ ಮಣ್ಣು ಕೊಚ್ಚಿಹೋಗುತ್ತದೆ ಅಂತ. ಎಕರೆ ಲೆಕ್ಕದಲ್ಲಿ ಆರೂವರೆ ಟನ್. ಹತ್ತಿರ ಹತ್ತಿರ ಎರಡು ಟ್ರೇಲರ್ ಲೋಡು. ಯಾರಾದರೂ ರಾತ್ರಿ ಬಂದು ನಮ್ಮ ಹೊಲದಿಂದ ಎರಡು ಟ್ರೇಲರ್ ಮಣ್ಣು ತುಂಬಿಕೊಂಡು ಹೋದರೆ ಊರು ಕೂಡಿಸಿ ಜಗಳ ತೆಗೆಯುತ್ತೇವೆ. ಮಳೆ ಒಯ್ದರೆ ಗೊತ್ತೇ ಆಗುವುದಿಲ್ಲ. ಇಡೀ ಹೊಲಕ್ಕೆ ಹರಡಿದರೆ ಅದು ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ, ಅಷ್ಟೇ. ಆದರೆ ಹೋಗುವುದು ಮೇಲಿನ ಪದರ. ಗೊಬ್ಬರ, ಸಣ್ಣ ಮಣ್ಣು, ಸತ್ವ ಎಲ್ಲ ಇರುವುದು ಅದರಲ್ಲೇ. ಕೆಳಗಿನ ಗರಸು ಮಣ್ಣು, ಮೊರಂ, ಎಲ್ಲಿಗೂ ಹೋಗುವುದಿಲ್ಲ, ನಮ್ಮಲ್ಲೇ ಉಳಿಯುತ್ತದೆ.

ನಮ್ಮ ಕಡೆ ಇದು ಜಾಸ್ತಿ ಆಗುವುದಕ್ಕೆ ಕಾರಣಗಳಿವೆ. ಒಂದು ಗೋವಿನಜೋಳ, ಅಂದರೆ ಮೆಕ್ಕೆಜೋಳ. ನೋಡಿದಲ್ಲೆಲ್ಲ ಅದೇ. ಸಾಲಿನಿಂದ ಸಾಲಿಗೆ ಎರಡಡಿ ಅಂತರ, ನಡುವೆ ಅಕ್ಕಡಿಯ ಮಿಶ್ರ ಬೆಳೆ ಇಲ್ಲ, ಜೂನ್‌ನಲ್ಲಿ ದೊಡ್ಡ ಮಳೆ ಬೀಳುವಾಗ ನೆಲ ಬರಿಮೈಯಲ್ಲೇ ಇರುತ್ತದೆ. ಇನ್ನೊಂದು ಕಾರಣ ಹೊಲ ಪಾಲಾಗುವುದು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಎಲ್ಲರಿಗೂ ದಾರಿ ಬೇಕು, ಮೇಲಿನ ಕೆಟ್ಟ ಮಣ್ಣೂ ಕೆಳಗಿನ ಒಳ್ಳೆ ಮಣ್ಣೂ ಸಮ ಬರಬೇಕು. ಹಾಗಾಗಿ ಇಳಿಜಾರಿನ ಉದ್ದಕ್ಕೆ ಸೀಳಿಕೊಳ್ಳುತ್ತಾರೆ. ನ್ಯಾಯವಾಗಿಯೇ ಇದೆ. ಆದರೆ ಆಮೇಲೆ ಅಷ್ಟು ಅಗಲವಿಲ್ಲದ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಅಡ್ಡ ತಿರುಗುವುದಿಲ್ಲ. ಉದ್ದಕ್ಕೇ ಹೊಡೆಯಬೇಕು. ಒಂದೊಂದು ಸಾಲೂ ನೀರಿಗೆ ಕಾಲುವೆ ಮಾಡಿಕೊಟ್ಟಂತೆ. ಇಳಿಜಾರಿಗೆ ಅಡ್ಡ ಉಳಿ ಅಂತ ಕೃಷಿ ಇಲಾಖೆಯವರು ತರಬೇತಿಯಲ್ಲಿ ಹೇಳುತ್ತಾರೆ. ಎಲ್ಲಿ ಉಳುವುದು?

ಅದಕ್ಕೇ ಒಡ್ಡು ಬೇಕು, ಅಂದರೆ ಹರಿಯುವ ನೀರು, ಮಣ್ಣು ತಡೆಯಲು ಹೊಲದಲ್ಲಿ ಇಳಿಜಾರಿಗೆ ಅಡ್ಡ ಹಾಕುವ ಮಣ್ಣಿನ ದಿಬ್ಬ. ಇದು ಹೊಸ ವಿಚಾರವೇನಲ್ಲ. ನಾವು ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1942ರಲ್ಲಿ, ಜಮೀನಿನ ಮಣ್ಣು ಸುಧಾರಿಸುವ ಕಾಯ್ದೆ ಬಂದು ಸರಕಾರವೇ ಹೊಲಗಳಿಗೆ ಸಮಪಾತಳಿ ಒಡ್ಡು ಹಾಕಿಸಲು ಶುರು ಮಾಡಿತ್ತು. ಆಮೇಲೆ ಒಂದರ ಹಿಂದೆ ಒಂದು ಯೋಜನೆ. ಇವುಗಳಲ್ಲಿ ನನಗೆ ಮೆಚ್ಚುಗೆ ಇರುವುದು ಸುಜಲಕ್ಕೆ. ವಿಶ್ವಬ್ಯಾಂಕ್ ಸಾಲದಲ್ಲಿ 2001ರಿಂದ 2009ರವರೆಗೆ ಹಾವೇರಿ, ಧಾರವಾಡ, ಚಿತ್ರದುರ್ಗ, ತುಮಕೂರು, ಕೋಲಾರದಲ್ಲಿ ನಡೆಯಿತು. ನಕ್ಷೆ ಹಿಡಿದು ಹೊಲಕ್ಕೆ ಬಂದು, ರೈತರ ಜೊತೆ ಕೂತು, ಯಾವ ಸರ್ವೆ ನಂಬರಿಗೆ ಏನು ಬೇಕು ಅಂತ ಬರೆದುಕೊಂಡರು. ಹೊಲ ಇಲ್ಲದವರಿಗೂ ಸಂಘ ಮಾಡಿ ಕುರಿಗೋ ಅಂಗಡಿಗೋ ಸಾಲ ಸಿಗುವ ಹಾಗೆ ಮಾಡಿದರು. ರೈತನೂ ಪಾಲು ಕೊಡಬೇಕಿತ್ತು. ಉಪಗ್ರಹ ಚಿತ್ರ ಇಟ್ಟುಕೊಂಡು ಪರಿಶೀಲನೆ ಮಾಡುವ ಕೆಲಸ ಇಸ್ರೋದ ಆಂಟ್ರಿಕ್ಸ್‌ ಮಾಡಿತು. ಕೆಲಸ ಚೆನ್ನಾಗಿಯೇ ಆಗಿತ್ತು. ಅದರ ಮುಂದಿನ ಹಂತದಲ್ಲಿ ಮಣ್ಣಿನ ಆಳ, ಗುಣ ನೋಡಿ ಸರ್ವೆ ನಂಬರ್‌ವಾರು ಭೂಸಂಪನ್ಮೂಲ ಕಾರ್ಡ್ ಮಾಡಿದರು. ಅದೂ ಒಳ್ಳೆಯದೇ.

ನನ್ನ ತಕರಾರು ಆಮೇಲಿನದ್ದು. ಯೋಜನೆ ಮುಗಿದ ದಿನ ಎಲ್ಲರೂ ಹೋಗುತ್ತಾರೆ. ಒಡ್ಡು ಉಳಿಯುತ್ತದೆ. ಅದನ್ನು ನೋಡಿಕೊಳ್ಳುವವರು ಯಾರು?

ಒಡ್ಡು ಹೇಗೆ ಹಾಳಾಗುತ್ತದೆ ಅಂತ ಹೊಲದಲ್ಲಿ ಇರುವವರಿಗೆ ಗೊತ್ತು. ಬೇಸಿಗೆಯಲ್ಲಿ ಕಡಿದು ಹಾಕಿದ ಸಡಿಲ ಮಣ್ಣು ಮೊದಲ ಮಳೆಗೇ ಕುಸಿದು ಎತ್ತರ ಕಡಿಮೆ ಆಗುತ್ತದೆ. ಇಲಿ ಬಿಲ ಮಾಡುತ್ತದೆ. ಟ್ರ್ಯಾಕ್ಟರ್ ದಾಟಲು ದಾರಿ ಬೇಕು, ಒಂದು ಕಡೆ ಕಡಿಯುತ್ತಾರೆ. ಮಳೆಗಾಲದಲ್ಲಿ ನೀರು ನುಗ್ಗುವುದು ಅಲ್ಲೇ. ಮೇಲಿನವನು ಒಂದು ಸಾಲು, ಕೆಳಗಿನವನು ಒಂದು ಸಾಲು ಅಂತ ಎರಡೂ ಕಡೆಯಿಂದ ರೆಂಟೆ (ನೇಗಿಲು) ಹಚ್ಚಿ ಹಚ್ಚಿ ಕೆಲವೇ ವರ್ಷದಲ್ಲಿ ಒಡ್ಡು ಬರೀ ಹುಲ್ಲಿನ ಗೆರೆ ಆಗಿಬಿಡುತ್ತದೆ. ಇನ್ನು ಕೋಡಿ. ಒಡ್ಡಿನ ಜೀವ ಇರುವುದು ಕೋಡಿಯಲ್ಲಿ. ಹೆಚ್ಚಾದ ನೀರು ಮಣ್ಣು ಕೊರೆಯದೆ ಕಲ್ಲಿನ ಮೇಲಿಂದ ಇಳಿದು ಮುಂದಿನ ಹೊಲಕ್ಕೆ, ಅಲ್ಲಿಂದ ಹಳ್ಳಕ್ಕೆ ಹೋಗಬೇಕು. ಆ ಕಲ್ಲುಗಳು ಎಲ್ಲಿ ಹೋಗುತ್ತವೆ ಅಂತ ಕೇಳಬೇಡಿ. ಪ್ರತಿ ಊರಲ್ಲೂ ಒಂದೆರಡು ದನದ ಕೊಟ್ಟಿಗೆಯ ಬುನಾದಿಯಲ್ಲಿ ಸರಕಾರಿ ಕೋಡಿಯ ಕಲ್ಲು ಸಿಗುತ್ತವೆ.

ಕೋಡಿ ಇಲ್ಲದ ಒಡ್ಡು ಒಡ್ಡೇ ಇಲ್ಲದ್ದಕ್ಕಿಂತ ಕೆಟ್ಟದ್ದು. ನೀರು ಒಂದೇ ಕಡೆ ಸೇರಿ ಒಮ್ಮೆಲೇ ಒಡೆದುಕೊಂಡು ಹೋದರೆ ಕೆಳಗಿನ ಹೊಲದಲ್ಲಿ ಆಳೆತ್ತರದ ಕೊರಕಲು ಬೀಳುತ್ತದೆ. ನಮ್ಮ ಪಕ್ಕದ ಹೊಲದ ಕಾಕಾ ಒಮ್ಮೆ ಹೇಳಿದ್ದರು: "ಒಡ್ಡ ಒಡದ್ರ ನಂದ ಒಂದ ಹೊಲ ಹೋಗೂದಿಲ್ಲೋ ತಮ್ಮಾ, ಕೆಳಗಿನ ನಾಕ ಮಂದೀದು ಹೋಕ್ಕೈತಿ. ಬೈಸಿಕೊಳ್ಳಾಂವ ಮಾತ್ರ ನಾನ." ಆ ಬೈಗುಳದ ಹೆದರಿಕೆಗೇ ಎಷ್ಟೋ ಜನ ದೊಡ್ಡ ಮಳೆ ಬರುವ ಹಾಗಿದ್ದರೆ ತಾವೇ ಗುದ್ದಲಿ ಹಿಡಿದು ಹೋಗಿ ಒಡ್ಡು ಕಡಿದು ನೀರು ಬಿಡುತ್ತಾರೆ.

ಎರೆ, ಅಂದರೆ ಕಪ್ಪು ಮಣ್ಣಿನ ಹೊಲದ ಕಥೆ ಬೇರೆ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ನಿಂತ ನೀರು ಇಂಗುತ್ತದೆ. ಎರೆಯಲ್ಲಿ ಇಂಗುವುದಿಲ್ಲ. ಒಡ್ಡಿನ ಹಿಂದೆ ವಾರ ನಿಂತರೆ ಬೆಳೆ ಹಳದಿ ಆಗುತ್ತದೆ. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಡುತ್ತದೆ, ಮಳೆ ನೀರು ಆ ಬಿರುಕಿನಲ್ಲಿ ಹೊಕ್ಕು ಒಡೆಯುತ್ತದೆ. ಎರೆಗೆ ಬೇಕಾದದ್ದು ಸಣ್ಣ ಸಣ್ಣ ಚೌಕು ಮಡಿ, ಅಥವಾ ತುಸು ಇಳಿಜಾರು ಕೊಟ್ಟು ನೀರನ್ನು ನಿಧಾನಕ್ಕೆ ಕೋಡಿಗೆ ಸಾಗಿಸುವ ಒಡ್ಡು. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಸಂರಕ್ಷಣೆಯ ಕೇಂದ್ರ ಸರಕಾರಿ ಸಂಶೋಧನಾ ಕೇಂದ್ರ ಇದೆ. ವಿಜಯಪುರದಲ್ಲಿ ಒಣಬೇಸಾಯದ ಕೇಂದ್ರ ಇದೆ. ಅವರು ಇದನ್ನೆಲ್ಲ ಹೇಳುತ್ತಲೇ ಬಂದಿದ್ದಾರೆ. ಆದರೆ ಎಸ್ಟಿಮೇಟ್ ಬರೆಯುವ ಟೇಬಲ್ ಮೇಲೆ ಎರೆಗೂ ಮಸಾರಿಗೂ ಒಂದೇ ಅಳತೆ. ಇಷ್ಟು ಉದ್ದ, ಇಷ್ಟು ಅಡ್ಡ, ಇಷ್ಟು ಘನಮೀಟರ್, ಫೋಟೋ, ಬಿಲ್ಲು. ನೀರು ನಿಂತು ಬೆಳೆ ಹಾಳಾದ ರೈತ ಒಡ್ಡು ಕೆಡವಿದರೆ ಅವನಿಗೆ "ತಿಳುವಳಿಕೆ ಇಲ್ಲ" ಅನ್ನುತ್ತಾರೆ. ತಿಳುವಳಿಕೆ ಇದ್ದದ್ದಕ್ಕೇ ಕೆಡವಿದ್ದು.

ಈಗ ದುಡ್ಡಿನ ಮಾತು. ಕೇಂದ್ರದ ಜಲಾನಯನ ಯೋಜನೆಯಲ್ಲಿ ಬಯಲು ಸೀಮೆಗೆ ಮೊದಲು ಹೆಕ್ಟೇರಿಗೆ 12,000 ರೂಪಾಯಿ ಇತ್ತು. 2021ರಲ್ಲಿ ಹೊಸ ಹಂತ ಶುರುವಾದಾಗ ಅದನ್ನು 22,000ಕ್ಕೆ ಏರಿಸಿದರು. ಏರಿಸಿದ್ದು ಸರಿ. ಆದರೆ ಅದೂ ಯೋಜನೆಯ ಅವಧಿಯ ದುಡ್ಡು. ಅವಧಿ ಮುಗಿದ ಮೇಲಿನ ರಿಪೇರಿಗೆ ಅಂತಲೇ ಒಂದು ವ್ಯವಸ್ಥೆ ಕಾಗದದಲ್ಲಿದೆ. 2008ರ ಮಾರ್ಗಸೂಚಿ ಪ್ರಕಾರ, ಖಾಸಗಿ ಹೊಲದಲ್ಲಿ ಕೆಲಸ ಮಾಡಿಸಿಕೊಂಡ ರೈತ ಖರ್ಚಿನ 10% ಕೊಡಬೇಕು. ಸಣ್ಣ, ಅತಿಸಣ್ಣ ರೈತರು, ಪರಿಶಿಷ್ಟರು 5% ಕೊಟ್ಟರೆ ಸಾಕು. ಅದು ಜಲಾನಯನ ಅಭಿವೃದ್ಧಿ ನಿಧಿ ಅನ್ನುವ ಖಾತೆಯಲ್ಲಿ ಜಮಾ ಆಗಬೇಕು. ಮುಂದೆ ಊರಿನ ಸಾಮೂಹಿಕ ಆಸ್ತಿಗಳ, ಅಂದರೆ ಚೆಕ್ ಡ್ಯಾಂ, ಇಂಗುಕೆರೆಗಳ, ರಿಪೇರಿಗೆ ಅದರಿಂದ ತೆಗೆಯಬೇಕು. ಒಳ್ಳೆ ಏರ್ಪಾಡು ಅಲ್ವಾ? ನಿಮ್ಮೂರಲ್ಲಿ ಜಲಾನಯನ ಕೆಲಸ ಆಗಿದ್ದರೆ ಆ ಪಾಸ್‌ಬುಕ್ ಯಾರ ಹತ್ತಿರ ಇದೆ ಅಂತ ಸುಮ್ನೆ ಕೇಳಿ ನೋಡಿ. ನಾನು ನಮ್ಮೂರಲ್ಲಿ ಕೇಳಿದೆ. ಸಮಿತಿಯಲ್ಲಿದ್ದ ಒಬ್ಬರು ತೀರಿಕೊಂಡಿದ್ದಾರೆ, ಒಬ್ಬರು ಮಗನ ಜೊತೆ ಹುಬ್ಬಳ್ಳಿಯಲ್ಲಿದ್ದಾರೆ, ಮೂರನೆಯವರು "ಹಂಗೊಂದ ಖಾತೆ ಇತ್ತೇನ?" ಅಂತ ನನ್ನನ್ನೇ ಕೇಳಿದರು.

ರಾಜ್ಯ ಸರಕಾರದ ಕೃಷಿಭಾಗ್ಯ ಯೋಜನೆಯ ಹೊಂಡಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದೇ ಒಂದು ಬೇರೆ ಪೋಸ್ಟ್ ಆಗುತ್ತದೆ. 2014ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಬಂದಿದೆ. ಮಳೆ ಕೈಕೊಟ್ಟಾಗ ಒಂದು ಸಲ ನೀರು ಹಾಯಿಸಿ ಬೆಳೆ ಉಳಿಸಿಕೊಂಡವರು ನಮ್ಮ ಸುತ್ತ ಇದ್ದಾರೆ. ಮಳೆ ನೀರಿಗೆ ಅಂತ ತೋಡಿದ ಹೊಂಡಕ್ಕೆ ಬೋರ್‌ವೆಲ್ ನೀರು ತುಂಬಿಟ್ಟುಕೊಳ್ಳುವವರೂ ಇದ್ದಾರೆ. ಬೇಲಿ ಇಲ್ಲದ ಹೊಂಡದಲ್ಲಿ ಮಕ್ಕಳು ಬಿದ್ದ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಈಗ ತಂತಿ ಬೇಲಿಯನ್ನೂ ಯೋಜನೆಯಲ್ಲೇ ಸೇರಿಸಿದ್ದಾರೆ. ಮೊದಲೇ ಸೇರಿಸಬೇಕಿತ್ತು. ನನ್ನ ಮಾತು ಒಂದೇ: ಮೇಲಿನ ಹೊಲಕ್ಕೆ ಒಡ್ಡು ಇಲ್ಲದಿದ್ದರೆ ಹೊಂಡದಲ್ಲಿ ತುಂಬುವುದೂ ಹೂಳೇ.

ಒಡ್ಡಿನ ಲಾಭ ರೈತನಿಗೆ ತಾನೇ, ಅವನೇ ನೋಡಿಕೊಳ್ಳಲಿ, ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ ಅಂತ ಕೆಲವರು ಹೇಳುತ್ತಾರೆ. ಓದಿದವರೇ ಹೆಚ್ಚಾಗಿ ಹೇಳುವುದು. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಲಾಭ ಅವನಿಗೂ ಇದೆ, ಸುಳ್ಳಲ್ಲ. ಒಂದು ಇಂಚು, ಅಂದರೆ 25 ಮಿಲಿಮೀಟರ್ ಮಳೆ ಒಂದು ಎಕರೆಗೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಅದರಲ್ಲಿ ಸ್ವಲ್ಪ ನಿಂತರೂ ಬೆಳೆಗೆ ಗೊತ್ತಾಗುತ್ತದೆ. ಆದರೆ ಎರಡು ಎಕರೆಯವನು ಒಡ್ಡಿಗೆ ಅಂತ ಒಂದು ಪಟ್ಟಿ ಜಾಗ ಬಿಡುತ್ತಾನೆ. ಅಲ್ಲಿ ಏನೂ ಬೆಳೆಯುವುದಿಲ್ಲ. ಅವನು ಹಿಡಿದ ನೀರಿನಿಂದ ಕೆಳಗಿನವನ ಬೋರು ತುಂಬುತ್ತದೆ. ಅವನು ಹಿಡಿದ ಮಣ್ಣು ಅಣೆಕಟ್ಟಿಗೆ ಹೋಗುವುದಿಲ್ಲ. ಆ ಅಣೆಕಟ್ಟಿನ ನೀರು ಕೊಪ್ಪಳ, ರಾಯಚೂರು, ಬಳ್ಳಾರಿ ಗದ್ದೆಗಳಿಗೆ, ಆಂಧ್ರಕ್ಕೆ, ತೆಲಂಗಾಣಕ್ಕೆ ಹೋಗುತ್ತದೆ. ಇಷ್ಟು ಜನರಿಗೆ ಆಗುವ ಲಾಭದ ಖರ್ಚನ್ನು ಹಾವೇರಿಯ ಎರಡೆಕರೆಯವನೊಬ್ಬ ಏಕೆ ಹೊರಬೇಕು?

ನ್ಯೂಯಾರ್ಕ್ ನಗರ ಈ ಲೆಕ್ಕವನ್ನು 1990ರ ದಶಕದಲ್ಲೇ ಹಾಕಿತು. ಕುಡಿಯುವ ನೀರು ಸೋಸಲು ಭಾರೀ ಘಟಕ ಕಟ್ಟುವುದಕ್ಕಿಂತ ಮೇಲಿನ ಕ್ಯಾಟ್‌ಸ್ಕಿಲ್ ಬೆಟ್ಟದ ಹೈನುಗಾರರಿಗೆ ದುಡ್ಡು ಕೊಟ್ಟು, ಅವರ ಜಮೀನಿನ ನೀರು ಶುದ್ಧವಾಗಿ ಹರಿಯುವ ಹಾಗೆ ಮಾಡುವುದೇ ಅಗ್ಗ ಅಂತ ಕಂಡುಕೊಂಡಿತು. ರೈತರ ಮಂಡಳಿಯೇ ಆ ಕೆಲಸ ನಡೆಸುತ್ತದೆ. ಅಲ್ಲಿನ ಹೊಲವೇ ಬೇರೆ, ನಮ್ಮದೇ ಬೇರೆ, ಒಪ್ಪುತ್ತೇನೆ. ಕೆಳಗಿನವರು ಮೇಲಿನವರಿಗೆ ದುಡ್ಡು ಕೊಡಬೇಕು ಅನ್ನುವ ಮಾತು ಮಾತ್ರ ಎರಡೂ ಕಡೆ ಒಂದೇ.

ಹಾಗಾದರೆ ಏನು ಮಾಡಬೇಕು ಅಂತ ಕೇಳುವವರಿಗೆ, ನನ್ನ ಹತ್ತಿರ ದೊಡ್ಡ ಪ್ಲಾನ್ ಏನೂ ಇಲ್ಲ. ಕೋಲಾರದ ಕಡೆ ಕೆರೆಗಳಿಗೆ ನೀರಗಂಟಿ ಅಂತ ಇರುತ್ತಿದ್ದ. ತೂಬು ಎತ್ತುವುದು, ಏರಿ ನೋಡುವುದು, ಕೋಡಿ ಬಿದ್ದರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಎಲ್ಲರೂ ಕಾಳು ಕೊಡುತ್ತಿದ್ದರು. ಒಡ್ಡುಗಳಿಗೂ ಅಂಥವನೊಬ್ಬ ಬೇಕು. ಪಂಚಾಯಿತಿ ಗೌರವಧನ ಕೊಡಲಿ. ರೋಹಿಣಿ, ಮಿರಗದ ಮಳೆ ಆದ ಮೇಲೆ ಒಂದು ಸುತ್ತು ಹಾಕಿ ಎಲ್ಲಿ ಕುಸಿದಿದೆ, ಎಲ್ಲಿ ಬಿಲ ಇದೆ ಬರೆದುಕೊಂಡು ಬರಲಿ. ಸಣ್ಣದಿದ್ದಾಗ ಎರಡು ಆಳು ಅರ್ಧ ದಿನದಲ್ಲಿ ಸರಿ ಮಾಡುತ್ತಾರೆ. ಬಿಟ್ಟರೆ ಅದೇ ಜಾಗಕ್ಕೆ ಮುಂದಿನ ವರ್ಷ ಜೆಸಿಬಿ ಬರಬೇಕು.

ಒಡ್ಡಿನ ಮೇಲೆ ಲಾವಂಚ ಹಚ್ಚಿ ಅಂತಲೂ ಹೇಳುತ್ತೇನೆ. ಗುಂಡ್ಲುಪೇಟೆ ಕಡೆ ರೈತರು ಹೊಲದ ಗಡಿಗೆ ಅದನ್ನು ನೆಡುವುದು ಹಳೇ ರೂಢಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಲಾವಂಚವನ್ನು ದೇಶದೇಶಗಳಲ್ಲಿ ಪ್ರಚಾರ ಮಾಡಿದಾಗ ಆ ಹೊಲಗಳನ್ನೂ ಉದಾಹರಣೆಯಾಗಿ ತೋರಿಸಿದರು. ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಇಳಿಯುತ್ತದೆ, ಬೆಳೆಗೆ ತೊಂದರೆ ಇಲ್ಲ. ಬಲಿತ ಎಲೆಯನ್ನು ದನ ಅಷ್ಟಾಗಿ ಮುಟ್ಟುವುದಿಲ್ಲ. ಸಾಲು ಕೂಡಿಕೊಂಡ ಮೇಲೆ ರೆಂಟೆ ಹಚ್ಚಿ ಒಡ್ಡು ತಿನ್ನುವುದೂ ಕಷ್ಟ. ಅಣ್ಣತಮ್ಮಂದಿರ ಗಡಿ ಜಗಳಕ್ಕೂ ಒಂದು ಔಷಧಿ ಅನ್ನಿ. ಇಲಾಖೆಯ ನರ್ಸರಿಯಲ್ಲಿ ತೇಗ, ಹೆಬ್ಬೇವಿನ ಸಸಿ ಸಿಗುವಷ್ಟು ಸುಲಭಕ್ಕೆ ಇದರ ಸಸಿ ಸಿಗುವ ಹಾಗಾಗಲಿ.

ತುಂಗಭದ್ರೆಯಲ್ಲಿ ಕಳೆದುಕೊಂಡ ನೀರಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ವರ್ಷಗಳಿಂದ ಓಡಾಡುತ್ತಿದೆ. ಸಾವಿರಾರು ಕೋಟಿಯ ಮಾತು, ಮೂರು ರಾಜ್ಯಗಳ ಒಪ್ಪಿಗೆ ಬೇಕು. ಆ ಭಾಗದ ರೈತರ ಕಷ್ಟ ದೊಡ್ಡದು, ಎರಡನೇ ಬೆಳೆಗೆ ನೀರಿಲ್ಲದೆ ಒದ್ದಾಡುತ್ತಾರೆ. ಕಟ್ಟಬೇಡಿ ಅನ್ನಲು ನಾನು ಯಾರು? ಕಟ್ಟುವುದಾದರೆ ಆ ಅಂದಾಜು ಪಟ್ಟಿಯಲ್ಲೇ ಮೇಲಿನ ಜಿಲ್ಲೆಗಳ ಒಡ್ಡು ರಿಪೇರಿಗೂ ಒಂದು ಸಾಲು ಸೇರಿಸಿ, ವರ್ಷ ವರ್ಷ ಬರುವ ಹಾಗೆ. ನಮ್ಮ ಪಂಚಾಯಿತಿಯ ಕ್ರಿಯಾಯೋಜನೆಗೆ ಈ ಸಲ ಹೊಸ ಒಡ್ಡು ಬೇಡ, ಹಳೇ ಕೋಡಿಗಳಿಗೆ ಕಲ್ಲು ಹಾಕಿಸಿ ಅಂತ ನಾವು ಕೆಲವರು ಬರೆದು ಕೊಟ್ಟಿದ್ದೇವೆ. ನಿಮ್ಮ ಕಡೆ ಯಾರಾದರೂ ಹೀಗೆ ರಿಪೇರಿಗೆ ದುಡ್ಡು ಹಾಕಿಸಿಕೊಂಡಿದ್ದರೆ, ಯಾವ ಲೆಕ್ಕದಲ್ಲಿ ಹಾಕಿಸಿದಿರಿ ಅಂತ ಕಾಮೆಂಟಿನಲ್ಲಿ ತಿಳಿಸಿ. ನಮ್ಮ ಗ್ರಾಮಸಭೆಗೆ ಮುಂಚೆ ಸಿಕ್ಕರೆ ಅನುಕೂಲ.