ಜಾನ್ ಸ್ನೋ ಇನ್ನೂ ಹಿಮದಲ್ಲೇ ಬಿದ್ದಿದ್ದಾನೆ

ಭಾನುವಾರ ಊಟಕ್ಕೆ ಬಂದಿದ್ದ ಅಣ್ಣನ ಮಗ ನನ್ನ ಮಂಚದ ಮೇಲಿದ್ದ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ ನೋಡಿದ. ‘ಗೇಮ್ ಆಫ್ ಥ್ರೋನ್ಸ್’ ಸೀರಿಯಲ್‌ಗೆ ಮೂಲವಾದ ಕಾದಂಬರಿ ಸರಣಿಯ ಐದನೇ ಪುಸ್ತಕ ಅದು. “ಅತ್ತೆ, ಇನ್ನೂ ಇದನ್ನೇ ಓದ್ತಿದೀರಾ? ಜಾನ್ ಸ್ನೋ ಬದುಕಿ ಬಂದನಲ್ಲ, ಸೀರಿಯಲ್‌ನಲ್ಲೇ ಎಲ್ಲ ಮುಗೀತಲ್ಲ” ಅಂದ. ಆಗಿನಿಂದ ಆ ಮಾತು ತಲೆ ಕೊರೀತಿದೆ. ಏನು ಮುಗೀತು?

ಸೀರಿಯಲ್‌ನಲ್ಲಿ ಮುಗಿದಿದೆ, ನಿಜ. 2016ರ ಮೇ ತಿಂಗಳ ಆ ಸೋಮವಾರ ಬೆಳಗ್ಗೆ ಅವನು ಉಸಿರೆಳೆದು ಕಣ್ಣು ಬಿಟ್ಟಾಗ ನಾನೂ ಕುಣಿದಿದ್ದೆ. ಆದರೆ ಪುಸ್ತಕದಲ್ಲಿ ಅವನು 2011ರಿಂದ ಹಿಮದಲ್ಲೇ ಬಿದ್ದಿದ್ದಾನೆ. ಮುಂದಿನ ಭಾಗ ಇನ್ನೂ ಬಂದಿಲ್ಲ.

ಜಾನ್‌ನನ್ನು ಇರಿಯುವ ಆ ಪುಟ ಇನ್ನೊಮ್ಮೆ ಓದಿ. ಇರಿಯುವವರು ಅವನೇ ನಾಯಕನಾಗಿದ್ದ, ಉತ್ತರದ ಗೋಡೆ ಕಾಯುವ ಪಡೆಯವರೇ. ಬೋವೆನ್ ಮಾರ್ಷ್ ಅಳುತ್ತಲೇ ಹೊಟ್ಟೆಗೆ ಚೂರಿ ಹಾಕುತ್ತಾನೆ. ಜಾನ್‌ನ ಬೆರಳು ಮರಗಟ್ಟಿವೆ, ಕತ್ತಿ ಒರೆಯಿಂದ ಹೊರಗೇ ಬರುವುದಿಲ್ಲ. ಗಾಯದಿಂದ ಹೊಗೆ ಏಳುತ್ತದೆ. ಕೊನೆಗೆ ಬಾಯಿಂದ ಬರುವುದು ಒಂದೇ ಹೆಸರು, ಘೋಸ್ಟ್. ಅವನ ಬಿಳಿ ತೋಳ.

ಪ್ರಾಣ ಹೋಗುವಾಗ ಅವನು ಆ ತೋಳದೊಳಗೆ ಸೇರಿಕೊಂಡಿದ್ದಾನೆ ಅನ್ನುವುದು ಪುಸ್ತಕ ಓದಿದ ನಮ್ಮಲ್ಲಿ ತುಂಬ ಜನರ ಊಹೆ. ನಾವು ಪರಕಾಯ ಪ್ರವೇಶ ಅಂತೀವಲ್ಲ, ಅದೇ. ಇದು ಸುಮ್ನೆ ಹುಟ್ಟಿದ ಮಾತಲ್ಲ. ಅದೇ ಪುಸ್ತಕದ ಶುರುವಿನಲ್ಲೇ ಮೃಗಗಳ ಮೈಯೊಳಗೆ ಹೋಗಬಲ್ಲ ವರಮಿರ್ ಎಂಬವನು ಸತ್ತು ತೋಳದೊಳಗೆ ಹೋಗುತ್ತಾನೆ. ದಿನ ಕಳೆದ ಹಾಗೆ ಒಳಗಿನ ಮನುಷ್ಯ ಮಾಸಿಹೋಗಿ ಮೃಗ ಮಾತ್ರ ಉಳಿಯುತ್ತದೆ ಅಂತ ಅಲ್ಲೇ ಹೇಳಿದೆ. ಹಾಗಿದ್ದರೆ ಜಾನ್ ಎಷ್ಟು ದಿನ ತಡೆದಾನು? ಬರ್ತಾನಾ ಇಲ್ವಾ ಅಂತ ಕೇಳಿ ಸುಮ್ಮನಾದರೆ ಸಾಕಾ? ಬಂದರೂ ಅವನಲ್ಲಿ ಏನು ಉಳಿದಿರುತ್ತೆ ಅಂತ ಕೇಳಬೇಡವಾ?

ಅದೇ ಕಥೆಯ ಯೋಧ ಬೆರಿಕ್ ಡೊಂಡೇರಿಯನ್‌ನನ್ನು ನೋಡಿ. ಆರು ಸಲ ಸತ್ತು ಎದ್ದವನು. ತನ್ನ ಕೋಟೆಗೆ ದಾರಿ ಗೊತ್ತಿಲ್ಲ, ಮದುವೆ ಆಗಬೇಕಿದ್ದ ಹುಡುಗಿಯ ಕೂದಲಿನ ಬಣ್ಣ ನೆನಪಿಲ್ಲ. ಜಾನ್‌ನ ಮಲತಾಯಿ ಕ್ಯಾಟೆಲಿನ್ ಸತ್ತು ಎದ್ದು ಬಂದಾಗ ಅವಳಲ್ಲಿ ಸೇಡು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಸೀರಿಯಲ್‌ನವರು ಅವಳನ್ನು ಎಬ್ಬಿಸಲೇ ಇಲ್ಲ.

‘ಸೀರಿಯಲ್‌ನ ಜಾನ್ ಕೂಡ ಬದಲಾದ, ಕೊಂದವರನ್ನು ನೇಣಿಗೆ ಹಾಕಿ ಪಡೆಯನ್ನೇ ಬಿಟ್ಟ’ ಅಂತ ಕೆಲವರು ವಾದಿಸುತ್ತಾರೆ. ಹೌದು, ಬಿಟ್ಟ. ಬೆನ್ನಿಗೆ ಚೂರಿ ಹಾಕಿದವರನ್ನು ಬಿಟ್ಟು ಹೋಗಲು ಸತ್ತು ಬರಬೇಕಿಲ್ಲ. ಅವನು ತಂಗಿಯನ್ನು ಮರೆತನಾ? ತಂದೆಯ ಮುಖ ಮರೆತನಾ?

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹತ್ತಿರದವರಿಗೆ ಗೊತ್ತು. ಅಮ್ಮ ಸ್ಟ್ರೋಕ್ ಆಗಿ ಐಸಿಯುನಿಂದ ಮನೆಗೆ ಬಂದಾಗ ಎಲ್ಲರೂ “ಬದುಕಿ ಬಂದರಲ್ಲ, ಅಷ್ಟು ಸಾಕು” ಅಂದರು. ಅಮ್ಮ ಅಡುಗೆಮನೆಯಲ್ಲಿ ಸಾರಿನ ಪುಡಿ ಡಬ್ಬಿ ಹಿಡಿದು, ಎಷ್ಟು ಹಾಕಬೇಕು ಅಂತ ತಿಳಿಯದೆ ನಿಂತಿದ್ದಳು. ನನ್ನನ್ನು ಅಕ್ಕನ ಹೆಸರಿಂದ ಕರೆಯುತ್ತಿದ್ದಳು. ಆ ವರ್ಷವೇ ನಾನು ಬೆರಿಕ್‌ನ ಮಾತು ಓದಿದ್ದು. ಪುಸ್ತಕ ಮುಚ್ಚಿಟ್ಟು ತುಂಬ ಹೊತ್ತು ಅತ್ತೆ.

ಅದಕ್ಕೇ ‘ಮುಗೀತಲ್ಲ’ ಅನ್ನಬೇಡಿ.

ಇನ್ನೊಂದು ವಿಷಯ. ಆ ರಾತ್ರಿ ಘೋಸ್ಟ್ ಹೊರಗೆ ಇರಲಿಲ್ಲ. ಗೋಡೆಯಾಚೆಯಿಂದ ಬಂದಿದ್ದ ಬೊರಾಕ್ ಎಂಬವನ ಕಾಡುಹಂದಿ ಅಲ್ಲೇ ಇದೆ ಅಂತ ಜಾನ್ ತಾನೇ ಅದನ್ನು ಕೋಣೆಯಲ್ಲಿ ಬಿಟ್ಟು ಬಂದಿದ್ದ. ಊಹೆ ನಿಜವಾಗಿದ್ದರೆ ಅವನು ಈಗ ಆ ಕೋಣೆಯೊಳಗೇ ಇದ್ದಾನೆ. ಬಾಗಿಲು ತೆಗೆಯುವವರು ಯಾರು? ನನ್ನ ಲೆಕ್ಕ ಬೆಂಕಿ ದೇವರ ಪೂಜಾರಿಣಿ ಮೆಲಿಸಾಂಡ್ರೆ. ನೀವು ಹೇಳಿ.