ವಿಶ್ವಕಪ್‌ಗೆ ಎರಡು ದಿನ ಮುಂಚೆ ಕೋಚ್‌ನನ್ನು ಓಡಿಸುವ ವಿಧಾನ

ಕೋಚ್‌ನನ್ನು ಮನೆಗೆ ಕಳಿಸುವುದಕ್ಕೂ ಒಂದು ಕ್ರಮ ಇದೆ. ಸ್ಪೇನ್ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಅದನ್ನು ಜಗತ್ತಿಗೆಲ್ಲ ಮಾಡಿ ತೋರಿಸಿತು. ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: 20 ಪಂದ್ಯಗಳಲ್ಲಿ ಒಂದನ್ನೂ ಸೋಲದ ಕೋಚ್ (14 ಗೆಲುವು, 6 ಡ್ರಾ), ಕುರ್ಚಿ ಹಿಡಿದು ಒಂದು ತಿಂಗಳೂ ತುಂಬದ ಅಧ್ಯಕ್ಷ, ಪರರ ಕೋಚ್ ಮೇಲೆ ಕಣ್ಣು ಹಾಕಿದ ಶ್ರೀಮಂತ ಕ್ಲಬ್.

ಮೊದಲು ಕೋಚ್ ಜುಲೆನ್ ಲೊಪೆಟೆಗಿ ಅವರ ಒಪ್ಪಂದವನ್ನು 2020ರವರೆಗೆ ವಿಸ್ತರಿಸಿ. ಇದು ಮೇ 22ರ ಕೆಲಸ. ಮಸಿ ಆರಲು ಮೂರು ವಾರ ಬಿಡಿ. ಜೂನ್ 12ಕ್ಕೆ ರಿಯಲ್ ಮ್ಯಾಡ್ರಿಡ್ ಒಂದು ಪ್ರಕಟಣೆ ಹೊರಡಿಸುತ್ತದೆ: ವಿಶ್ವಕಪ್ ಮುಗಿದ ಮೇಲೆ ಈ ಮಹಾಶಯರು ನಮ್ಮವರು, ಮೂರು ವರ್ಷಕ್ಕೆ. ಪ್ರಕಟಣೆಗೆ ಐದು ನಿಮಿಷ ಇದೆ ಎನ್ನುವಾಗ ಫೆಡರೇಷನ್ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್ ಅವರ ಕಿವಿಗೆ ವಿಷಯ ಬೀಳುತ್ತದೆ. ಐದು ನಿಮಿಷದ ಲೆಕ್ಕ ಅವರದೇ.

ಫಿಫಾ ಸಭೆಗೆಂದು ಮಾಸ್ಕೋದಲ್ಲಿದ್ದ ಅಧ್ಯಕ್ಷರು ತಂಡ ಬೀಡುಬಿಟ್ಟಿದ್ದ ಕ್ರಾಸ್ನೊಡಾರ್‌ಗೆ ಧಾವಿಸಿದರು. ಜೂನ್ 13ರಂದು ಕೋಚ್ ವಜಾ. ಪೋರ್ಚುಗಲ್ ವಿರುದ್ಧದ ಪಂದ್ಯ 15ಕ್ಕೆ. ಪತ್ರಕರ್ತರ ಮುಂದೆ ಕೂತು ಅಧ್ಯಕ್ಷರು ನಡತೆ, ಮೌಲ್ಯಗಳ ಕುರಿತು ಪಾಠ ಮಾಡಿದರು. (2023ರ ಮಹಿಳಾ ವಿಶ್ವಕಪ್ ಪದಕ ಪ್ರದಾನದಲ್ಲಿ ಆಟಗಾರ್ತಿ ಜೆನ್ನಿ ಎರ್ಮೊಸೊಗೆ ಒಪ್ಪಿಗೆಯಿಲ್ಲದೆ ಮುತ್ತಿಟ್ಟು, ಕೊನೆಗೆ ನ್ಯಾಯಾಲಯದಿಂದ 10,800 ಯೂರೊ ದಂಡ ಹಾಕಿಸಿಕೊಂಡವರೂ ಇವರೇ. ನಡತೆಯ ಪಾಠಕ್ಕೆ ಯೋಗ್ಯ ಗುರುಗಳು.)

ಲೊಪೆಟೆಗಿ ತಪ್ಪೇ ಇಲ್ಲ ಎನ್ನುವಂತಿಲ್ಲ. ಸ್ಪೇನ್ ತಂಡದಲ್ಲಿ ಮ್ಯಾಡ್ರಿಡ್‌ನ ಆರು ಆಟಗಾರರಿದ್ದರು. ನಾಳೆಯ ಯಜಮಾನ ಇವತ್ತು ಹನ್ನೊಂದರ ಪಟ್ಟಿ ಬರೆದರೆ ಮ್ಯಾಡ್ರಿಡ್‌ನ ಬದ್ಧ ಎದುರಾಳಿ ಬಾರ್ಸಿಲೋನಾದ ಹುಡುಗರು ಏನಂದುಕೊಳ್ಳಬೇಕು? ಆದರೆ ಅದಕ್ಕೆ ಕಂಡುಕೊಂಡ ಪರಿಹಾರ ನೋಡಿ: ಚಪ್ಪರದ ದಿನ ಅಡುಗೆ ಭಟ್ಟರನ್ನು ಓಡಿಸಿ ಉಗ್ರಾಣದ ಲೆಕ್ಕ ಬರೆಯುತ್ತಿದ್ದವರ ಕೈಗೆ ಸೌಟು ಕೊಟ್ಟ ಹಾಗೆ, ಕ್ರೀಡಾ ನಿರ್ದೇಶಕ ಫರ್ನಾಂಡೊ ಹಿಯೆರೊ ಅವರನ್ನು ಕೋಚ್ ಮಾಡಿದರು. ಡಿಫೆಂಡರ್ ಆಗಿ ದೊಡ್ಡ ಹೆಸರು, ಒಪ್ಪೋಣ. ಮುಖ್ಯ ಕೋಚ್ ಆಗಿ ಅನುಭವ? ಎರಡನೇ ದರ್ಜೆಯ ಒವಿಯೆಡೊದಲ್ಲಿ ಒಂದು ಋತು, ಎಂಟನೇ ಸ್ಥಾನ.

ಮೊದಲ ಪಂದ್ಯ 3-3. ಪೋರ್ಚುಗಲ್‌ನ ಮೂರೂ ಗೋಲು ಕ್ರಿಸ್ಟಿಯಾನೊ ರೊನಾಲ್ಡೊ ಅವರದ್ದು, ಅಂದರೆ ಲೊಪೆಟೆಗಿ ಹೊಸ ಕ್ಲಬ್‌ನ ತಾರೆಯದ್ದು. ಜುಲೈನಲ್ಲಿ ಆ ತಾರೆಯೂ ಇಟಲಿಯ ಯುವೆಂಟಸ್‌ಗೆ ಹೊರಟುಹೋಯಿತು. ಆಡುವ ದಿನಗಳಲ್ಲಿ ಗೋಲ್‌ಕೀಪರ್ ಆಗಿದ್ದ ಲೊಪೆಟೆಗಿಗೆ ಎಲ್ಲ ಕಡೆಯಿಂದಲೂ ಗೋಲು.

ಜುಲೈ 1ರಂದು ರಷ್ಯಾ ಎದುರು ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಕೊಟ್ಟಿತು. ರಷ್ಯಾ ಹಿಂದೆ ಐವರನ್ನು ನಿಲ್ಲಿಸಿ ಬಾಗಿಲು ಹಾಕಿಕೊಂಡಿತ್ತು. ಆ ಗೋಡೆಯ ಹಿಂದಕ್ಕೆ ಓಡಿ ಚೆಂಡು ಕೇಳುವವರಿಲ್ಲದಿದ್ದರೆ ಪಾಸ್ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೋಗುತ್ತದೆಯೇ ಹೊರತು ಮುಂದಕ್ಕಲ್ಲ. ಬಾಗಿಲು ತೆರೆಯಬಲ್ಲ ಕೀಲಿಕೈ, ಮಿಡ್‌ಫೀಲ್ಡರ್ ಇನಿಯೆಸ್ಟಾ, 67ನೇ ನಿಮಿಷದವರೆಗೆ ಬೆಂಚ್ ಮೇಲೆ. ಸ್ಪೇನ್‌ಗೆ ಸಿಕ್ಕ ಏಕೈಕ ಗೋಲನ್ನೂ ರಷ್ಯಾದವರೇ ತಮ್ಮ ಬಲೆಗೆ ಹೊಡೆದು ದಾನ ಮಾಡಿದ್ದು. ಪೆನಾಲ್ಟಿಯಲ್ಲಿ 4-3 ಸೋಲು, ಗಂಟುಮೂಟೆ. ಮೌಲ್ಯಗಳು ಮಾತ್ರ ಸುರಕ್ಷಿತ.

ಅತ್ತ ಮ್ಯಾಡ್ರಿಡ್ ಇನ್ನೂ ಮಜಾ. ಹಿಂದಿನ ಋತುವಿನಲ್ಲಿ 44 ಗೋಲು ಹೊಡೆದ ರೊನಾಲ್ಡೊ ಅವರನ್ನು ಮಾರಿ, ಅವರ 7ನೇ ನಂಬರಿನ ಅಂಗಿಯನ್ನು ಮರಿಯಾನೊ ಡಿಯಾಸ್‌ಗೆ ತೊಡಿಸಿದರು. ನಂಬರ್ ಗೋಲು ಹೊಡೆಯುವುದಿಲ್ಲ ಎಂದು ಗೊತ್ತಾಗಲು 481 ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ತಂಡಕ್ಕೆ ಒಂದೂ ಗೋಲಿಲ್ಲ. ಅಕ್ಟೋಬರ್ 28ರಂದು ಬಾರ್ಸಿಲೋನಾದಿಂದ 5-1 ಏಟು, ಮರುದಿನವೇ ಲೊಪೆಟೆಗಿಗೆ ಟಾಟಾ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್‌ಗೆ ಹೆಸರು ಹೋದ ಎಂಟು ಆಟಗಾರರಿದ್ದೂ ಫಲಿತಾಂಶ ಹೀಗೇ ಎಂದು ಕ್ಲಬ್ ಪ್ರಕಟಣೆಯಲ್ಲಿ ಅಚ್ಚರಿಪಟ್ಟಿತು. ಒಂಬತ್ತನೆಯವರನ್ನು ಮಾರಿದ್ದು ಯಾರೆಂದು ಪ್ರಕಟಣೆ ಬರೆದವರಿಗೆ ಮರೆತಿತ್ತು. ಮೂರು ವರ್ಷದ ಒಪ್ಪಂದ ಬಾಳಿದ್ದು 14 ಪಂದ್ಯ.

ಆಮೇಲೆ ಲೊಪೆಟೆಗಿ ಸ್ಪೇನ್‌ನದೇ ಸೆವಿಯಾ ಕ್ಲಬ್‌ಗೆ 2020ರಲ್ಲಿ ಯುರೋಪಾ ಲೀಗ್ ಗೆದ್ದುಕೊಟ್ಟರು. 2022ರಲ್ಲಿ ಅಲ್ಲಿಂದಲೂ ಹೊರಗೆ. ಜರ್ಮನಿಯ ಡಾರ್ಟ್ಮಂಡ್ ಎದುರಿನ ಪಂದ್ಯಕ್ಕೆ ಮುಂಚೆಯೇ ಸುದ್ದಿ ಊರೆಲ್ಲ ಹಬ್ಬಿತ್ತು, ಕೋಚ್ ಆದರೂ ಬೆಂಚ್‌ನಲ್ಲಿ ನಿಂತು 1-4ರ ಸೋಲು ನೋಡಿ ಜನರಿಗೆ ಕೈಮುಗಿದು ಹೋದರು. ಇಂಗ್ಲೆಂಡ್‌ನಲ್ಲಿ ಕೊನೇ ಸ್ಥಾನದಲ್ಲಿದ್ದ ವುಲ್ವ್ಸ್ ತಂಡವನ್ನು 13ಕ್ಕೆ ಏರಿಸಿದರು. ಆಟಗಾರರನ್ನು ಕೊಳ್ಳಲು ಕಾಸಿಲ್ಲ ಎಂದಾಗ, 2023ರ ಋತುವಿನ ಮೊದಲ ಪಂದ್ಯಕ್ಕೆ ಆರು ದಿನ ಇದ್ದಾಗ ಬಿಟ್ಟು ಬಂದರು. ಎರಡು ದಿನಕ್ಕೆ ಹೋಲಿಸಿದರೆ ಆರು ದಿನ ಸೌಜನ್ಯವೇ. ಇಂಗ್ಲೆಂಡ್‌ನ ಇನ್ನೊಂದು ಕ್ಲಬ್ ವೆಸ್ಟ್ ಹ್ಯಾಮ್‌ನಲ್ಲಿ ಅರ್ಧ ಋತು.

ಆಟಗಾರನಾಗಿ 1994ರ ವಿಶ್ವಕಪ್‌ಗೆ ಹೋಗಿ ಒಂದು ನಿಮಿಷವೂ ಆಡದೆ ಬಂದವರು, ಕೋಚ್ ಆಗಿ 2018ರಲ್ಲಿ ರಷ್ಯಾವರೆಗೆ ಹೋಗಿ ಒಂದು ಪಂದ್ಯವೂ ಆಡಿಸದೆ ಬಂದವರು, 2025ರಲ್ಲಿ ಕತಾರ್ ಹಿಡಿದರು. ಅಲ್ಲಿ ಅರ್ಹತಾ ಸುತ್ತು ಕತಾರ್‌ನ ಮನೆಯಂಗಳದಲ್ಲೇ. ಎರಡು ಪಂದ್ಯಗಳ ನಡುವೆ ಕತಾರ್‌ಗೆ ಆರು ದಿನದ ಬಿಡುವು, ಯುಎಇಗೆ ಮೂರು. ಅಕ್ಟೋಬರ್ 14ರಂದು 2-1ರಿಂದ ಯುಎಇ ಸೋಲಿಸಿ 2026ರ ವಿಶ್ವಕಪ್‌ಗೆ ಟಿಕೆಟ್. ಕ್ಯಾಲೆಂಡರ್ ಕೊನೆಗೂ ಈ ಮನುಷ್ಯನ ಕಡೆ ನಿಂತಿತು. ಆಗ ಅನ್ಯಾಯ ಅನ್ಯಾಯ ಎಂದು ಕೂಗುವ ಸರದಿ ಎದುರಿನವರದ್ದು.