ಮೇಷ್ಟ್ರ ಅರ್ಕಾವತ್ತು ನುಂಗಿದ ನನ್ನ ಸರ್ವರ್

ಮೂರು ವರ್ಷದ ಹಿಂದೆ ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಮ್ಮೇಳನ ನಡೆಯಿತು. ನೋಂದಣಿಯ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಹೆಸರು ತುಂಬಿದರೆ ಬ್ಯಾಡ್ಜ್ ತಾನಾಗಿ ಪ್ರಿಂಟ್ ಆಗಬೇಕು, ಅಷ್ಟೇ ಕೆಲಸ. ಬೆಳಿಗ್ಗೆ ನಮ್ಮ ಕನ್ನಡ ಮೇಷ್ಟ್ರು ಬಂದರು, ಬ್ಯಾಡ್ಜ್ ಕೈಗೆ ತಗೊಂಡರು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಶ್ರೀಕೃಷ್ಣಮೂರ."

"ಲೋ, ಒತ್ತು ಬಿಟ್ಟವರ ಕಿವಿ ಹಿಂಡಿದೋನು ನಾನು. ನನ್ನ ಹೆಸರಲ್ಲೇ ಬಿಟ್ಟಿದ್ದೀಯಲ್ಲೋ!"

ಬ್ಯಾಡ್ಜ್ ಚಿಕ್ಕದು ಅಂತ ಹೆಸರನ್ನು 12 ಕ್ಯಾರೆಕ್ಟರಿಗೆ ಕತ್ತರಿಸುವ ಒಂದು ಸಾಲು ಬರೆದಿದ್ದೆ. ಶ್ರೀಕೃಷ್ಣಮೂರ್ತಿ ಅನ್ನೋದು ಮೇಷ್ಟ್ರ ಲೆಕ್ಕದಲ್ಲಿ 5 ಅಕ್ಷರ. ಲಿಪಿಗಳ ಚಿಹ್ನೆಗಳಿಗೆ ನಂಬರ್ ಕೊಡುವ ಯೂನಿಕೋಡ್ ಪಟ್ಟಿಯ ಲೆಕ್ಕದಲ್ಲಿ 15 ಕೋಡ್ ಪಾಯಿಂಟ್ (ಅಂದರೆ ಅಂಥ 15 ನಂಬರ್), ಯಾಕೆಂದರೆ ಅಲ್ಲಿ ಪ್ರತಿ ಗುಣಿತದ ಚಿಹ್ನೆಗೂ ಒತ್ತಕ್ಷರ ಜೋಡಿಸುವ ಹಲಂತಕ್ಕೂ ಬೇರೆ ಬೇರೆ ಲೆಕ್ಕ. ಆ ನಂಬರುಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 45. ನನ್ನ ಕೋಡ್ ಹನ್ನೆರಡನೆಯದಕ್ಕೆ ಕತ್ತರಿ ಹಾಕಿತು. ತಿಯ ಪಕ್ಕ ಅರ್ಕಾವತ್ತಾಗಿ ಕೂರಬೇಕಿದ್ದ ರ ಒಂಟಿಯಾಗಿ ನಿಂತುಬಿಟ್ಟಿತು. ಕಾಲಂ ಅಳತೆಯನ್ನು ಬೈಟಿನಲ್ಲಿ ಹಿಡಿಯುವ ಡೇಟಾಬೇಸ್ ಸೆಟ್ಟಿಂಗೂ ಉಂಟು. ಅಲ್ಲಿ 20 ಅಂತ ಕೊಟ್ಟರೆ 6 ಕೋಡ್ ಪಾಯಿಂಟಿಗೇ ಮುಗಿಯಿತು. ಈಗ ನಾನು ಸರ್ವರ್‌ನಲ್ಲಿ ಹೆಸರು ಕತ್ತರಿಸೋದೇ ಇಲ್ಲ. ಜಾಗ ಸಾಲದಿದ್ದರೆ ಪರದೆಯ ಕಡೆ, ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್ ನೋಡಿಕೊಳ್ಳಲಿ.

ದಿನಾ ಬೆಳಗಾದರೆ ಡೆವಲಪರುಗಳಿಗೆ ಹತ್ತು ಹೊಸ ಟೂಲ್ ಅಂತ ಯಾರಾದರೂ ಬರೀತಾರೆ. ನನ್ನ ತಕರಾರು ಅದಕ್ಕಿಂತ ಸಣ್ಣದು. ಬೆಂಗಳೂರಲ್ಲಿ ಕೂತು, ನಮ್ಮವರೇ ಬಳಸುವ ಸರ್ವಿಸ್ ಕಟ್ಟುತ್ತೇವೆ. ಆದರೆ ಟೆಸ್ಟ್ ಡೇಟಾದಲ್ಲಿ ಇರೋದು ಜಾನ್ ಡೋ, ಇಂಗ್ಲಿಷಿನವರ ಮಾದರಿ ಹೆಸರು. ಆ ಪುಣ್ಯಾತ್ಮನ ಹೆಸರು ಯಾವತ್ತೂ ಮುರಿಯಲ್ಲ. ಅವತ್ತಿಂದ ನನ್ನ ಎಲ್ಲ ಪ್ರಾಜೆಕ್ಟಿನ ಟೆಸ್ಟ್ ಫೈಲಿನಲ್ಲಿ ಮೊದಲ ಸಾಲು ಮೇಷ್ಟ್ರದ್ದು.

ಎರಡನೇ ಸಾಲಿನಲ್ಲಿ "ಕೋಮಲ" ಇದ್ದಾಳೆ, ಎರಡು ಸಲ. ನೋಡಲು ಇಬ್ಬರೂ ಒಂದೇ. ಆದರೆ ಕೋ ಅನ್ನುವುದರ ಗುಣಿತವನ್ನು ಒಂದೇ ಕೋಡ್ ಪಾಯಿಂಟಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ಬೈಟ್ ಹೋಲಿಸುವ ಕೋಡಿಗೆ ಇವರು ಇಬ್ಬರು ಬೇರೆ ಹೆಂಗಸರು. ಯುನಿಕ್ (ಒಂದೇ ಹೆಸರು ಎರಡು ಸಲ ಬರಬಾರದು) ಅಂತ ಗುರುತು ಮಾಡಿದ ಕಾಲಮ್ಮಿನಲ್ಲೂ ಇಬ್ಬರೂ ಆರಾಮಾಗಿ ಕೂರಬಲ್ಲರು. ಮದ್ದು ಸುಲಭ: ಹೊರಗಿನ ಡೇಟಾ ಸರ್ವರ್ ಒಳಗೆ ಬರುವ ಎಪಿಐ ಬಾಗಿಲಲ್ಲೇ, ಬರುವ ಪಠ್ಯವನ್ನೆಲ್ಲ ಬಿಡಿ ತುಂಡುಗಳನ್ನು ಕೂಡಿಸಿ ಬರೆಯುವ ಎನ್‌ಎಫ್‌ಸಿ ರೂಪಕ್ಕೆ ತಂದುಬಿಡಿ. ಜಾವಾಸ್ಕ್ರಿಪ್ಟಿನಲ್ಲಿ ನಾರ್ಮಲೈಸ್, ಪೈಥಾನಿನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲ್. ಒಂದು ಸಾಲಿನ ಕೆಲಸ. ಹುಡುಕುವ ಪದಕ್ಕೂ ಅದನ್ನೇ ಮಾಡಿ. ಇದನ್ನು ಮರೆತು ನಾನೇ ಅರ್ಧ ದಿನ ಹಾಳು ಮಾಡಿಕೊಂಡಿದ್ದೇನೆ.

ಇನ್ನೊಂದು ಕಣ್ಣಿಗೇ ಕಾಣದ ಪ್ರಾಣಿ. ರಾಜ್‌ಕುಮಾರ್ ಅಂತ ಬರೆದಾಗ ಜ್ ಕೆಳಗೆ ಕ ಒತ್ತಾಗದೆ ಬಿಡಿಯಾಗಿ ನಿಲ್ಲುವುದಕ್ಕೆ ನಡುವೆ ಅಗಲವೇ ಇಲ್ಲದ ಒಂದು ಅಕ್ಷರ ಇರುತ್ತದೆ, ಜೀರೋ ವಿಡ್ತ್ ನಾನ್ ಜಾಯಿನರ್. ಕೆಲವು ಕೀಬೋರ್ಡ್ ಅದನ್ನು ಹಾಕುತ್ತವೆ, ಕೆಲವು ಹಾಕಲ್ಲ. ಹಾಗಾಗಿ ಹುಡುಕಿದರೆ ಅಣ್ಣಾವ್ರೇ ಸಿಗಲ್ಲ. ಇದನ್ನು ಕಸ ಅಂತ ಅಳಿಸಬೇಡಿ, ಬರೆದವರು ಬರೆದ ಹಾಗೇ ಇರಲಿ. ಹುಡುಕಾಟಕ್ಕೆ ಬೇರೆ ಕಾಲಂ ಇಟ್ಟು, ಅಲ್ಲಿ ಮಾತ್ರ ತೆಗೆಯಿರಿ. ಟ್ರಿಮ್ ಮಾಡಿದರೆ, ಅಂದರೆ ತುದಿಯ ಖಾಲಿ ಜಾಗ ತೆಗೆದರೆ, ಹೋಗುತ್ತೆ ಅಂದುಕೊಂಡಿದ್ದೆ, ಹೋಗಲ್ಲ. ಅದು ಖಾಲಿ ಜಾಗದ ಜಾತಿಗೆ ಸೇರಿದ್ದಲ್ಲ.

ಹೆಸರು ಸರಿ ಇದೆಯಾ ಅಂತ ರೆಜೆಕ್ಸ್ (ಪಠ್ಯ ಹೀಗೇ ಇರಬೇಕು ಅನ್ನುವ ಮಾದರಿ) ಹಾಕಿ ನೋಡುವವರಿಗೂ ಒಂದು ಮಾತು: ಯೂನಿಕೋಡ್ "ಅಕ್ಷರ" ಅನ್ನುವ ವರ್ಗಕ್ಕೆ ಕ ಸೇರುತ್ತದೆ, ಕಾ ಒಳಗಿನ ದೀರ್ಘ ಸೇರಲ್ಲ, ಅದು "ಮಾರ್ಕ್" ವರ್ಗದ್ದು. "ಅಕ್ಷರ" ವರ್ಗವನ್ನಷ್ಟೇ ಒಪ್ಪಿ "ಮಾರ್ಕ್" ಬಿಟ್ಟರೆ "ಕಮಲ" ಪಾಸು, "ಸೀತಾ" ಫೇಲು. ಅಂಕಿಯಲ್ಲೂ ಇಂಥದ್ದೇ ತಮಾಷೆ. ಪೈಥಾನ್ ೯೮೭ ಕೊಟ್ಟರೂ ಅಂಕಿ ಎಂದೇ ಒಪ್ಪಿಕೊಂಡು 987 ಮಾಡಿಕೊಡುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪಲ್ಲ. ಒಂದು ಸರ್ವಿಸ್ ಅದರಲ್ಲಿ, ಇನ್ನೊಂದು ಇದರಲ್ಲಿ ಇದ್ದರೆ ಗಲಾಟೆ ಗ್ಯಾರಂಟಿ.

ಕನ್ನಡ ಕೆಟ್ಟು ಕಂಡಾಗ ಗಾಬರಿಯಾಗಿ ಕೋಡ್ ಮುಟ್ಟುವ ಮೊದಲು ಏನು ಕಾಣ್ತಿದೆ ನೋಡಿ. ಖಾಲಿ ಚೌಕಗಳೋ? ಡೇಟಾ ಸರಿಯಾಗಿದೆ, ಫಾಂಟ್ ಇಲ್ಲ. ಡಾಕರ್‌ನ ಸಣ್ಣ ಇಮೇಜಿನಲ್ಲಿ (ಪ್ರೋಗ್ರಾಂ ಓಡಲು ಬೇಕಾದ್ದನ್ನಷ್ಟೇ ಕಟ್ಟಿದ ಪೊಟ್ಟಣ) ಪಿಡಿಎಫ್ ಮಾಡುವವರಿಗೆ ಇದು ದಿನದ ಗೋಳು, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ. ಫಾಂಟ್ ಇದ್ದೂ ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ಆ ಪಿಡಿಎಫ್ ಲೈಬ್ರರಿಗೆ ಅಕ್ಷರ ಜೋಡಿಸಲು ಬರಲ್ಲ ಅಂತ. ಹೆಡ್‌ಲೆಸ್ ಕ್ರೋಮ್ (ಪರದೆ ಇಲ್ಲದೆ ಓಡುವ ಕ್ರೋಮ್ ಬ್ರೌಸರ್) ಮೂಲಕ ಮಾಡಿಸಿ. ತಲೆ ಮೇಲೆ ಓರೆ ಗೀಟಿರುವ ಇಂಗ್ಲಿಷ್ ಎ, ಅದರ ಹೆಗಲ ಮೇಲೆ ಪುಟ್ಟ 2 ಅಥವಾ 3, ಇದೇ ಸಾಲುಗಟ್ಟಿ ನಿಂತಿದೆಯೋ? ಅದು ಕನ್ನಡವೇ. ಯುಟಿಎಫ್-8 ಬೈಟುಗಳನ್ನು ಯಾರೋ ಯುರೋಪಿನ ಭಾಷೆಗಳ ಹಳೆಯ ಪದ್ಧತಿಯಾದ ಲ್ಯಾಟಿನ್-1 ಎಂದು ಓದಿದ್ದಾರೆ. ಪುಟ್ಟ ಅಂಕಿಯ ಬದಲು ಡಿಗ್ರಿ ಚಿಹ್ನೆ ಕಂಡರೆ ಅದು ತೆಲುಗು, ಜಪಾನಿನ ಯೆನ್ ಚಿಹ್ನೆ ಕಂಡರೆ ಹಿಂದಿ! ಸಾಮಾನ್ಯವಾಗಿ ಅದೇ ಬೈಟುಗಳನ್ನು ಯುಟಿಎಫ್-8 ಎಂದು ಓದಿದರೆ ವಾಪಸ್ ಬರುತ್ತದೆ. ಎಕ್ಸೆಲ್‌ನಲ್ಲಿ ಸಿಎಸ್‌ವಿ ತೆರೆದಾಗ ಹೀಗಾದರೆ ಫೈಲಿನ ಶುರುವಿಗೆ ಬಿಒಎಂ (ಇದು ಯುಟಿಎಫ್-8 ಎಂದು ಹೇಳುವ ಗುರುತು) ಸೇರಿಸಿ, ಸಾಕು. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಡೇಟಾಬೇಸಿನ ಒಳಗೆ ಇಣುಕಿ. ಅಲ್ಲೂ ಅವೇ ಇದ್ದರೆ ಬ್ಯಾಕಪ್ ಎಲ್ಲಿದೆ ಹುಡುಕಿ.

ಮೈಎಸ್‌ಕ್ಯುಎಲ್ ಡೇಟಾಬೇಸ್ ಬಗ್ಗೆ ಒಂದೇ ಮಾತು. ಅದರ ಹಳೆಯ "ಯುಟಿಎಫ್8" ಅನ್ನುವುದು 3 ಬೈಟಿನ ತನಕ ಮಾತ್ರ. ಕನ್ನಡ ಸರಾಗವಾಗಿ ಕೂರುತ್ತದೆ, ನಾವು ನಿಶ್ಚಿಂತೆಯಿಂದ ಮಲಗುತ್ತೇವೆ. ಆಮೇಲೆ ಯಾರೋ ಕೈ ಮುಗಿಯುವ ಇಮೋಜಿ ಕಳಿಸುತ್ತಾರೆ, ಅದಕ್ಕೆ 4 ಬೈಟ್ ಬೇಕು. ಯುಟಿಎಫ್8ಎಂಬಿ4 ಆರಿಸಿ, 8.0 ಆವೃತ್ತಿಯಿಂದ ಅದೇ ಡಿಫಾಲ್ಟ್.

ಎಸ್‌ಎಂಎಸ್ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ. ಒಂದು ಸಂದೇಶಕ್ಕೆ ಇಂಗ್ಲಿಷಿನಲ್ಲಿ 160 ಕ್ಯಾರೆಕ್ಟರ್, ಕನ್ನಡದಲ್ಲಿ 70, ಅದೂ ಕೋಡ್ ಪಾಯಿಂಟ್ ಲೆಕ್ಕ. ಮೇಷ್ಟ್ರ ಹೆಸರಿಗೇ 15 ಹೋಯಿತು. ಹಾಗಂತ ಕನ್ನಡ ಬಿಡಿ ಅಂತ ಹೇಳ್ತಿಲ್ಲ, ಸಂದೇಶ ಚಿಕ್ಕದಾಗಿ ಬರೀರಿ.

ಇದನ್ನೆಲ್ಲ ಮೇಷ್ಟ್ರಿಗೆ ವಿವರಿಸುವಾಗ ಅವರಿಗೆ ತುಂಬ ಹಿಡಿಸಿದ್ದು ಒಂದೇ ಸಂಗತಿ. ಹಳಗನ್ನಡದ ೞ ಇದೆಯಲ್ಲ, ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು "ಕನ್ನಡ ಲೆಟರ್ ಫ". ತಪ್ಪು ಅಂತ ಯೂನಿಕೋಡ್ ಪಟ್ಟಿ ಮಾಡಿದವರಿಗೂ ಗೊತ್ತು, ಆದರೆ ಒಮ್ಮೆ ಇಟ್ಟ ಹೆಸರು ಬದಲಿಸುವ ಹಾಗಿಲ್ಲ ಅನ್ನೋದು ನಿಯಮ. "ಹಂಗಾದ್ರೆ ಅವರ ಕಿವಿ ಯಾರು ಹಿಂಡ್ತಾರೋ?" ಅಂದರು ಮೇಷ್ಟ್ರು.

ನಿಮ್ಮ ಸರ್ವರ್ ಮುರಿದ ಹೆಸರುಗಳಿದ್ದರೆ ಕೆಳಗೆ ಹಾಕಿ, ನನ್ನ ಟೆಸ್ಟ್ ಫೈಲಿನಲ್ಲಿ ಇನ್ನೂ ಜಾಗ ಇದೆ.